ಗಿರಗಿಟ್ಲೆಯ ಶನಿವಾರಗಳು

"ಅದನ್ನ ಬಿಚ್ಚಬೇಡಿ. ತೊಂದರೆ ಬೇರಿಂಗಲ್ಲಿಲ್ಲ."

ಏಣಿಯ ತುದಿಯಲ್ಲಿ ನಿಂತಿದ್ದವನು ತಲೆ ಬಗ್ಗಿಸಿ ನೋಡಿದ. ಕೆಳಗೆ ನಾಲ್ಕು ಪುಸ್ತಕಗಳನ್ನು ಎದೆಗವಚಿಕೊಂಡು ಲೈಬ್ರರಿಯ ಉದ್ಯೋಗಿಯೊಬ್ಬಳು ನಿಂತಿದ್ದಳು. ಅವಳ ಕಣ್ಣು ಅವನ ಮೇಲಿರಲಿಲ್ಲ. ಅವನು ಬಿಚ್ಚುತ್ತಿದ್ದ ಫ್ಯಾನಿನ ಮೇಲಿತ್ತು.

ಅವನು ವೈಂಡರ್. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವವನು. ಲೈಬ್ರರಿಯ ಓದುಮನೆಯಲ್ಲಿ ಮೂರನೇ ಫ್ಯಾನ್ ಅಲುಗಾಡುತ್ತದೆ ಎಂದು ಅವನನ್ನು ಕರೆಸಿದ್ದು ಇದು ಮೂರನೇ ಸಲ.

"ಎರಡು ಸಲ ಬೇರಿಂಗ್ ಬದಲಾಯಿಸಿದೀನಿ ಮೇಡಂ," ಎಂದ. ಸ್ವರದಲ್ಲಿ ಬೇಸರವಿತ್ತು. "ನೀವು ಪುಸ್ತಕದೋರು. ಫ್ಯಾನ್ ವಿಷಯ ನಂಗೆ ಬಿಡಿ."

"ಬಣ್ಣ ಬಳಿಯೋರು ಮೂರು, ನಾಲ್ಕು ಎರಡೂ ಫ್ಯಾನಿನ ರೆಕ್ಕೆ ಬಿಚ್ಚಿ ಆ ಕಿಟಕಿ ಹತ್ರ ಒಟ್ಟಿಗೆ ಪೇರಿಸಿಟ್ಟಿದ್ರು. ಹಾಕುವಾಗ ಒಂದು ರೆಕ್ಕೆ ಅದಲು ಬದಲಾಗಿದೆ. ಒಂದು ಫ್ಯಾನಿನ ಮೂರು ರೆಕ್ಕೆ ಒಂದೇ ತೂಕ ಇರ್ಬೇಕು. ನಾಲ್ಕನೇದೂ ಅವತ್ತಿಂದ್ಲೇ ಅಲುಗಾಡ್ತಿದೆ, ಆದ್ರೆ ಕಡಿಮೆ. ಯಾರೂ ಗಮನಿಸಿಲ್ಲ."

ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಓದುತ್ತಿದ್ದವರೆಲ್ಲ ತಲೆ ಎತ್ತಿದರು. ಅವಳ ಕಿವಿ ಕೆಂಪಾಯಿತು.

ಅಯ್ಯೋ... ಮತ್ತೆ ಶುರು ಹಚ್ಚಿಕೊಂಡೆನಲ್ಲ.

ವೈಂಡರ್ ಮತ್ತೆ ಮೂರನೇ ಫ್ಯಾನಿನತ್ತ ತಿರುಗಿದ. ರೆಕ್ಕೆಗಳನ್ನು ಬಿಚ್ಚಿ ಕೆಳಗಿಳಿಸಿದ. ಕೌಂಟರಿನಲ್ಲಿದ್ದ ಪಾರ್ಸೆಲ್ ತೂಗುವ ಯಂತ್ರದ ಮೇಲೆ ಒಂದೊಂದಾಗಿ ಇಟ್ಟ. ಎರಡು ಸರಿಸಮ. ಮೂರನೆಯದು ನಲವತ್ತು ಗ್ರಾಂ ಹೆಚ್ಚು.

ಅದಲು ಬದಲು ಮಾಡಿ ಸ್ವಿಚ್ ಹಾಕಿದಾಗ ಎರಡೂ ಫ್ಯಾನುಗಳು ಸದ್ದಿಲ್ಲದೆ ತಿರುಗಿದವು.

"ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ," ಎಂದ ಅವನು ನಿಧಾನವಾಗಿ. "ಮಾನ ಹೋಯ್ತು. ಪರವಾಗಿಲ್ಲ, ಹೋದ್ರೂ ಒಳ್ಳೆಯವರ ಕೈಲೇ ಹೋಯ್ತು. ನಿಮಗೆ ಇದೆಲ್ಲ ಹೇಗೆ ಗೊತ್ತು?"

ಆ ಪ್ರಶ್ನೆಯನ್ನು ನಗದೆ ಕೇಳಿದವನು ಅವನೇ ಮೊದಲಿಗ.

* * *

ಮನೆಯಲ್ಲಿ ಅವಳಿಗೆ ಗಿರಗಿಟ್ಲೆ ಎಂದೇ ಹೆಸರು.

ಎರಡು ವರ್ಷದ ಮಗುವಾಗಿದ್ದಾಗಲೇ ಫ್ಯಾನಿನ ಕೆಳಗೆ ಅಂಗಾತ ಮಲಗಿಬಿಡುತ್ತಿದ್ದಳು. ಗೊಂಬೆ ಬೇಡ, ಚೆಂಡು ಬೇಡ. ಆರು ವರ್ಷಕ್ಕೆ ನೆಂಟರ ಮನೆಗಳನ್ನೆಲ್ಲ ಫ್ಯಾನಿನಿಂದಲೇ ಗುರುತಿಸುತ್ತಿದ್ದಳು. "ಟಕ್ ಟಕ್ ಅನ್ನೋ ಫ್ಯಾನಿನ ಚಿಕ್ಕಮ್ಮ", "ಮೂಲೆಯಲ್ಲಿ ತುಕ್ಕು ಹಿಡಿದಿರೋ ಮಾವ". ಬಾಗಿಲಿಗೆ ಹೋದ ಕೂಡಲೇ ಮಾವ ನಗುತ್ತಿದ್ದರು, "ಬಂದ್ರಪ್ಪ ಇನ್ಸ್‌ಪೆಕ್ಟರ್ರು, ಸ್ವಿಚ್ ಹಾಕಿ."

ಅಮ್ಮನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಮಗಳು ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ, ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ಕೊನೆಗೊಬ್ಬ ವೈದ್ಯೆ ಒಂದು ತಿಂಗಳು ನೋಡಿ, ಇದು ಆಟಿಸಂ ಎಂದರು.

"ಹಾಗಾದ್ರೆ ಈ ಫ್ಯಾನ್ ಹುಚ್ಚು ಬಿಡಿಸೋದು ಹೇಗೆ?" ಎಂದು ಅಮ್ಮ ಕೇಳಿದರು.

"ಯಾಕೆ ಬಿಡಿಸ್ಬೇಕು? ಅವಳ ಖುಷಿ ಎಲ್ಲಾ ಅಲ್ಲೇ ಇದೆ. ಕಲಿಸೋದನ್ನ ಅಲ್ಲಿಂದ್ಲೇ ಕಲಿಸಿ."

ಅಪ್ಪ ಅಂದೇ ಶುರು ಮಾಡಿದರು. ಒಂದು ಫ್ಯಾನಿಗೆ ಮೂರು ರೆಕ್ಕೆ, ಎರಡು ಫ್ಯಾನಿಗೆ ಆರು. ಮೂರರ ಮಗ್ಗಿ ಒಂದೇ ಸಂಜೆಗೆ ಬಾಯಿಪಾಠ. ನಾಲ್ಕರ ಮಗ್ಗಿಗೆಂದು ನಾಲ್ಕು ರೆಕ್ಕೆಯ ಫ್ಯಾನ್ ಹುಡುಕಿಕೊಂಡು ಅಪ್ಪ, ಮಗಳು ಊರೆಲ್ಲ ಸುತ್ತಿದರು.

ಶಾಲೆಯಲ್ಲಿ ಮಾತ್ರ ಗಿರಗಿಟ್ಲೆ ಎಂಬುದು ಮುದ್ದಿನ ಹೆಸರಾಗಿ ಉಳಿಯಲಿಲ್ಲ. ಹದಿಮೂರಕ್ಕೆ ಬರುವ ಹೊತ್ತಿಗೆ ಅವಳು ಬಾಯಿ ಮುಚ್ಚಿಕೊಳ್ಳುವುದನ್ನು ಕಲಿತಿದ್ದಳು. ಕಲಿಸಿದವಳು ಅಕ್ಕ.

"ಎರಡು ವಾಕ್ಯ ಹೇಳು. ಆಮೇಲೆ ನಿಲ್ಲಿಸಿ ಎದುರಿನವರ ಬಗ್ಗೆ ಏನಾದ್ರೂ ಕೇಳು. ಅಷ್ಟು ಮಾಡಿದ್ರೆ ಯಾರೂ ನಗಲ್ಲ."

ಒಮ್ಮೆ ಮಾತ್ರ ಆ ನಿಯಮ ಮುರಿದಿದ್ದಳು. ಎರಡು ವರ್ಷದ ಹಿಂದೆ, ಅಕ್ಕನೇ ಪರಿಚಯ ಮಾಡಿಸಿದ್ದ ಬ್ಯಾಂಕಿನವನ ಎದುರು, ಒಂದು ಕಾಫಿ ಅಂಗಡಿಯಲ್ಲಿ. ಫ್ಯಾನಿನ ಕಥೆ ನಲವತ್ತು ನಿಮಿಷ ನಡೆಯಿತು. ಅವನು "ಒಂದು ಫೋನ್ ಬಂತು, ಈಗ ಬಂದೆ," ಎಂದು ಎದ್ದು ಹೋದ.

ಈಗ ಬಂದೆ ಎಂದಿದ್ದನಲ್ಲ... ಅವಳು ಒಂದೂವರೆ ಗಂಟೆ ಕಾದಿದ್ದಳು.

* * *

ವೈಂಡರ್ ಮುಂದಿನ ವಾರವೂ ಲೈಬ್ರರಿಗೆ ಬಂದ. ಈ ಸಲ ಯಾರೂ ಕರೆಸಿರಲಿಲ್ಲ.

"ಅಂಗಡಿಗೆ ಒಂದು ಹಳೇ ಟೇಬಲ್ ಫ್ಯಾನ್ ಬಂದಿದೆ. ಎಲ್ಲಾ ನೋಡ್ದೆ, ಕಾಯಿಲೆ ಗೊತ್ತಾಗ್ತಿಲ್ಲ. ಶನಿವಾರ ನಿಮಗೆ ಅರ್ಧ ದಿನ ಅಲ್ವಾ... ಸ್ವಲ್ಪ ಬಂದು ಕಿವಿಗೊಟ್ಟು ನೋಡ್ತೀರಾ?"

ಅವನ ಅಂಗಡಿ ಎರಡು ಬೀದಿ ಆಚೆ. ಬಾಗಿಲಲ್ಲಿ ಬಿಚ್ಚಿಟ್ಟ ಮೋಟಾರುಗಳು, ಗೋಡೆಗೆ ಸುರುಳಿ ಸುರುಳಿ ತಾಮ್ರದ ತಂತಿ, ವಾರ್ನಿಷ್ ವಾಸನೆ. ಅವಳಿಗೊಂದು ಸ್ಟೂಲ್ ಒರೆಸಿಟ್ಟಿದ್ದ.

ಟೇಬಲ್ ಫ್ಯಾನಿನ ಕಾಯಿಲೆ ಐದು ನಿಮಿಷಕ್ಕೆ ಸಿಕ್ಕಿತು. ಆಮೇಲೆ ಅವಳು ಎರಡು ಗಂಟೆ ಮಾತಾಡಿದಳು. ಯಾವ ಕಾಲದ ಫ್ಯಾನಿನ ರೆಕ್ಕೆ ಎಷ್ಟು ಬಾಗಿರುತ್ತಿತ್ತು, ಒಂದೇ ಕಂಪನಿಯ ಫ್ಯಾನುಗಳಲ್ಲೂ ಎರಡಕ್ಕೆ ಒಂದೇ ಸ್ವರ ಯಾಕಿರುವುದಿಲ್ಲ, ಮಗುವಾಗಿದ್ದಾಗ ತಿರುಗುವ ರೆಕ್ಕೆಗಳ ನಡುವೆ ಹಿಂದಕ್ಕೆ ತೇಲುವ ನೆರಳನ್ನು ತಾನು ಹೇಗೆ ಕಂಡುಹಿಡಿದೆ... ಎಲ್ಲವೂ ಹೊರಬಂತು. ಅವನು ಮಧ್ಯೆ ಮಧ್ಯೆ "ಆಮೇಲೆ?" ಎನ್ನುತ್ತಿದ್ದ. ಅಷ್ಟೇ.

ಮನೆಗೆ ಹೋಗುವಾಗ ಅವಳ ಎದೆ ಹತ್ತಿಯಷ್ಟು ಹಗುರವಾಗಿತ್ತು.

ಹೀಗೆ ಐದು ಶನಿವಾರಗಳು ಕಳೆದವು. ಐದನೆಯದರ ಮರುದಿನ ಅಕ್ಕನಿಗೆ ವಿಷಯ ತಿಳಿಯಿತು.

"ಎರಡೆರಡು ಗಂಟೆ ಫ್ಯಾನ್ ಬಗ್ಗೆನಾ? ಪಾಪ, ಆ ಮನುಷ್ಯನ ತಲೆ ತಿಂದುಬಿಟ್ಟಿದೀಯ ಕಣೇ. ಮರ್ಯಾದೆಗೆ ಸುಮ್ನಿರ್ತಾರೆ. ಆ ಬ್ಯಾಂಕಿನವನೂ ನಲವತ್ತು ನಿಮಿಷ ಸುಮ್ನೇ ಇದ್ದ, ಮರೆತ್ಯಾ?"

ಅವಳು ಮರೆತಿರಲಿಲ್ಲ.

ಆರನೇ ಶನಿವಾರ ಅವನು ಹೊಸ ಕಾಯಿಲ್ ಸುತ್ತುತ್ತಿದ್ದ. ಅವಳು ಮಾತು ಶುರು ಮಾಡಿದ್ದಳಷ್ಟೇ, ಅವನು ಎಡಗೈ ಎತ್ತಿ ಅಂಗೈ ತೋರಿಸಿದ. "ಒಂದು ನಿಮಿಷ..."

ಅವಳು ಅರ್ಧ ಮಾತನ್ನು ಅಲ್ಲೇ ನುಂಗಿದಳು.

ಅಕ್ಕ ಹೇಳಿದ್ದು ನಿಜ. ಇವರಿಗೂ ಸಾಕಾಗಿದೆ.

ಅವನು ಸುತ್ತಿ ಮುಗಿಸಿ, "ಹ್ಞಾಂ, ಹೇಳಿ," ಎಂದು ತಿರುಗಿದಾಗ ಅವಳು ಮಡಿಲಲ್ಲಿ ಕೈ ಕಟ್ಟಿ ನೆಟ್ಟಗೆ ಕೂತಿದ್ದಳು.

"ಆ ಫ್ಯಾನ್ ಹಳೇದು. ಚೆನ್ನಾಗಿದೆ. ನಿಮ್ಮ ಆರೋಗ್ಯ ಹೇಗಿದೆ?"

"ನನ್ನ ಆರೋಗ್ಯಕ್ಕೇನು?"

"ಸುಮ್ನೆ ಕೇಳ್ದೆ."

ಮುಂದಿನ ಶನಿವಾರವೂ ಅಷ್ಟೇ. ಎರಡು ವಾಕ್ಯ, ಒಂದು ಪ್ರಶ್ನೆ. ಅದರ ಮುಂದಿನ ಶನಿವಾರ ಅವನು ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್. ಅವಳ ಒಗೆದ ಬಿಳಿ ಕುರ್ತಾ, ತನ್ನ ಅಂಗಡಿಯ ವಾಸನೆ... ಓದಿದವಳು, ಈ ಸ್ಟೂಲಿನ ಮೇಲೆ ಎಷ್ಟು ದಿನ ಕೂತಾಳು? ಅವಳಿಗೆ ಇನ್ನು ಬರಬಾರದೆಂದು ಅನಿಸಿದೆ, ಹೇಳಲು ದಾಕ್ಷಿಣ್ಯ. ಅವನು ಹಾಗೆಂದುಕೊಂಡ.

"ಪ್ರತಿ ಶನಿವಾರ ಬರಲೇಬೇಕು ಅಂತೇನಿಲ್ಲ ಮೇಡಂ," ಎಂದ, ತಲೆ ಎತ್ತದೆ.

ಯಾಕೆ ಹಾಗಂತೀರಿ ಎಂದು ಅವಳು ಕೇಳಲಿ ಎಂಬ ಆಸೆ ಆ ಮಾತಿನ ತುಂಬ ಇತ್ತು. ಆದರೆ ಅವಳ ಪಾಲಿಗೆ ಮಾತೆಂದರೆ ಹೇಳಿದಷ್ಟೇ. ಹೇಳದೆ ಉಳಿದದ್ದು ಅವಳ ಕಿವಿಗೆ ಬೀಳುತ್ತಿರಲಿಲ್ಲ.

"ಸರಿ," ಎಂದು ಎದ್ದು ಹೋದಳು.

* * *

ಮೂರು ಶನಿವಾರ ಅವಳು ಅತ್ತ ಸುಳಿಯಲಿಲ್ಲ. ಲೈಬ್ರರಿಯಲ್ಲಿ ಪುಸ್ತಕಗಳ ಬೆನ್ನಿಗೆ ನಂಬರ್ ಚೀಟಿ ಅಂಟಿಸುವಾಗ ಎರಡು ಸಲ ತಲೆಕೆಳಗಾಗಿ ಅಂಟಿಸಿದಳು. ಆರು ವರ್ಷದ ಕೆಲಸದಲ್ಲಿ ಹಾಗೆ ಒಮ್ಮೆಯೂ ಆಗಿರಲಿಲ್ಲ.

ನಾಲ್ಕನೇ ಶನಿವಾರ ಮಧ್ಯಾಹ್ನ ಅಕ್ಕ ಮನೆಗೆ ಬಂದಾಗ ತಂಗಿ ನಡುಮನೆಯ ನೆಲದ ಮೇಲೆ ಅಂಗಾತ ಮಲಗಿದ್ದಳು. ಮೇಲೆ ಫ್ಯಾನ್ ನಿಂತಿತ್ತು.

"ಕರೆಂಟಿಲ್ವಾ?"

"ಇದೆ. ಹಾಕ್ಬೇಕು ಅನ್ನಿಸ್ಲಿಲ್ಲ."

ಅಕ್ಕ ಬ್ಯಾಗು ಕೆಳಗಿಟ್ಟಳು. ಇವಳಿಗೆ ಫ್ಯಾನ್ ಬೇಡವಾದದ್ದನ್ನು ಅವಳು ಇದುವರೆಗೆ ಕಂಡಿರಲಿಲ್ಲ. ಪಕ್ಕದಲ್ಲಿ ತಾನೂ ಮಲಗಿಕೊಂಡಳು.

"ಸ್ಕೂಲ್ ಬಸ್ಸಲ್ಲಿ ನಾನು ನಿನ್ನ ಪಕ್ಕ ಕೂರ್ತಿರ್ಲಿಲ್ಲ. ನೆನಪಿದ್ಯಾ?"

"ಇದೆ. ನೀನು ಮುಂದಿಂದ ಎರಡನೇ ಸೀಟು. ನಾನು ಏಳನೇದು."

"ನಾಚಿಕೆ ಆಗ್ತಿತ್ತು ಕಣೇ ನಂಗೆ. ನೀನು ಫ್ಯಾನ್ ಅಂತ ಬಾಯಿ ತೆಗೆದ್ರೆ ನನ್ನ ಗೆಳತಿಯರೆಲ್ಲ ನನ್ನ ಮುಖ ನೋಡೋರು. ಆ ಎರಡು ವಾಕ್ಯದ ನಿಯಮ... ನಿನಗೋಸ್ಕರ ಅಂತ ಹೇಳ್ಕೊಂಡು ನನಗೋಸ್ಕರ ಮಾಡಿದ್ದು." ಅಕ್ಕ ಕಣ್ಣೊರೆಸಿಕೊಂಡಳು. "ಅವರು ಬರ್ಬೇಡಿ ಅಂದ್ರಾ?"

"ಬರಲೇಬೇಕು ಅಂತೇನಿಲ್ಲ ಅಂದ್ರು."

"ಪೆದ್ದಿ, ಅದಕ್ಕೆ ಬರ್ಬೇಡ ಅಂತ ಅರ್ಥ ಅಲ್ಲ ಕಣೇ."

"ಮತ್ತೇನು ಅರ್ಥ?"

"ಅದನ್ನ ಅವರನ್ನೇ ಕೇಳು. ನಾನು ಅರ್ಥ ಹೇಳಿಕೊಟ್ಟಿದ್ದು ಸಾಕು. ಎದ್ದೇಳು, ತಲೆ ಬಾಚ್ಕೋ."

* * *

ವೈಂಡರ್ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಹೆಜ್ಜೆ ಸದ್ದಿಗೆ ತಿರುಗಿದವನು ಅವಳನ್ನು ಕಂಡು ಎದ್ದುನಿಂತ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಡಬೇಕೆಂಬುದೂ ತೋಚಲಿಲ್ಲ.

ಅವಳು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಪ್ರಶ್ನೆಯನ್ನು ಕೇಳಿದಳು.

"ಬರಲೇಬೇಕು ಅಂತೇನಿಲ್ಲ ಅಂದ್ರಿ. ಅದು ಬರಬೇಡಿ ಅಂತಾನಾ, ಬಂದ್ರೂ ಬರದಿದ್ರೂ ಒಂದೇ ಅಂತಾನಾ?"

"ಎರಡೂ ಅಲ್ಲ." ಅವನು ತಡವರಿಸಿದ. "ಬನ್ನಿ ಅಂತ ಕೇಳೋಕೆ ಧೈರ್ಯ ಇರ್ಲಿಲ್ಲ. ನಿಮಗೆ ಈ ಅಂಗಡಿ, ಈ ಮಸಿ... ಹಿಡಿಸ್ತಿಲ್ಲ ಅಂದ್ಕೊಂಡೆ. ಮಾತೇ ನಿಲ್ಲಿಸಿಬಿಟ್ರಲ್ಲ."

"ನೀವು ಕೈ ಎತ್ತಿದ್ರಿ. ಆರನೇ ಶನಿವಾರ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ."

ಅವನು ಯೋಚಿಸಿದ. ನೆನಪಾದಾಗ ಮುಖ ಅರಳಿತು.

"ಸುತ್ತು ಎಣಿಸ್ತಿದ್ದೆ ರೀ. ಲೆಕ್ಕ ತಪ್ಪಿದ್ರೆ ಅಷ್ಟೂ ಬಿಚ್ಚಿ ಮೊದಲಿಂದ ಸುತ್ಬೇಕು. ಮುಗಿಸಿ ತಿರುಗಿದ್ರೆ ನೀವು ಆರೋಗ್ಯ ವಿಚಾರಿಸ್ತಾ ಕೂತಿದ್ರಿ."

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಎರಡನ್ನೂ ತಡೆಯಲಿಲ್ಲ.

"ನಂಗೆ ಆಟಿಸಂ ಇದೆ," ಎಂದಳು ಮುಖ ಒರೆಸಿಕೊಂಡು. "ಒಳಗೊಂದು ಇಟ್ಕೊಂಡು ಹೊರಗೊಂದು ಆಡಿದ್ರೆ ಗೊತ್ತಾಗಲ್ಲ. ಇಷ್ಟವಾದದ್ದರ ಬಗ್ಗೆ ಬಾಯಿ ಬಿಟ್ರೆ ನಿಲ್ಲಿಸೋಕೂ ಗೊತ್ತಾಗಲ್ಲ. ಇದನ್ನ ಮೊದಲೇ ಹೇಳ್ಬೇಕಿತ್ತು."

ಅವನು ತಲೆಯಾಡಿಸಿದ. "ಅದರ ಬಗ್ಗೆ ನಂಗೆ ಹೆಚ್ಚು ಗೊತ್ತಿಲ್ಲ. ಹಾಗಾದ್ರೆ ನಾನೇನು ಮಾಡ್ಬೇಕು?"

ಇದುವರೆಗೆ ಎಲ್ಲರೂ ಅವಳೇನು ಮಾಡಬೇಕೆಂದು ಹೇಳಿದವರೇ. ತಾನೇನು ಮಾಡಬೇಕೆಂದು ಕೇಳಿದವರಿರಲಿಲ್ಲ.

"ಇದ್ದದ್ದನ್ನ ಇದ್ದ ಹಾಗೆ ಹೇಳಿ. ಸಾಕಾದ್ರೆ ಸಾಕು ಅನ್ನಿ. ಎಣಿಸ್ತಿದ್ರೆ ಎಣಿಸ್ತಿದೀನಿ ಅನ್ನಿ."

"ಸರಿ. ಇದ್ದದ್ದನ್ನ ಹೇಳ್ತೀನಿ." ಕೊನೆಗೂ ಸ್ಕ್ರೂಡ್ರೈವರ್ ಕೆಳಗಿಟ್ಟ. "ಅಪ್ಪ ತೀರಿಕೊಂಡಾಗ ನಂಗೆ ಹದಿನೈದು. ಅವರ ಅಂಗಡಿ, ಬಂದು ಕೂತೆ. ಇಷ್ಟಾನಾ ಕಷ್ಟಾನಾ ಅಂತ ಯಾರೂ ಕೇಳ್ಲಿಲ್ಲ, ನಾನೂ ಕೇಳ್ಕೊಳ್ಲಿಲ್ಲ. ಹದಿನೆಂಟು ವರ್ಷ ಫ್ಯಾನ್ ಬಿಚ್ಚಿದೆ, ಒಂದನ್ನೂ ಕಣ್ಣಿಟ್ಟು ನೋಡಿರ್ಲಿಲ್ಲ. ನೀವು ಮಾತಾಡಿದ ಮೇಲೆ ನೋಡೋಕೆ ಶುರು ಮಾಡ್ದೆ. ಈಗ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯೋದು ಅಂದ್ರೆ ಖುಷಿ ಆಗುತ್ತೆ."

ಅವಳು ಉಸಿರು ಹಿಡಿದು ಕೇಳುತ್ತಿದ್ದಳು.

"ಇನ್ನೂ ಒಂದಿದೆ," ಎಂದ. "ನಂಗೆ ನೀವಂದ್ರೆ ಇಷ್ಟ. ಇದಕ್ಕೆ ಒಳಗೆ ಬೇರೆ ಅರ್ಥ ಏನಿಲ್ಲ."

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಅವಳು ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು, ಎರಡೇ ಕ್ಷಣ. ಅವಳಿಗದು ಸುಲಭವಲ್ಲ. ಅದು ಅವನಿಗೂ ತಿಳಿಯಿತು.

"ನಂಗೂ ಇಷ್ಟ," ಎಂದಳು. "ಎಂಟನೇ ಶನಿವಾರಕ್ಕೇ ಗೊತ್ತಾಗಿತ್ತು. ಅವತ್ತು ಎದ್ದು ಹೋಗೋಕೆ ಕಾಲೇ ಬರ್ಲಿಲ್ಲ."

ಅವನು ಮಸಿ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಮುಂದೆ ಚಾಚಿದ. ಅರ್ಧಕ್ಕೆ ನಿಲ್ಲಿಸಿದ.

"ಹಿಡ್ಕೋಬಹುದಾ?"

"ಹಿಡ್ಕೊಳ್ಳಿ. ಆದ್ರೆ ಮೆಲ್ಲಗೆ ಬೇಡ. ಮೆಲ್ಲಗೆ ಮುಟ್ಟಿದ್ರೆ ಮೈಯೆಲ್ಲ ಜುಮ್ಮನ್ನುತ್ತೆ, ತಡ್ಕೊಳ್ಳೋಕಾಗಲ್ಲ. ಗಟ್ಟಿಯಾಗಿ ಹಿಡ್ಕೊಳ್ಳಿ."

ಅವನು ಹಿಡಿದುಕೊಂಡ.

"ಇಷ್ಟು ಸಾಕಾ?"

"ಇನ್ನೂ ಸ್ವಲ್ಪ."

"ನೋವಾದ್ರೆ ಹೇಳ್ಬೇಕು."

"ಹೇಳ್ತೀನಿ."

"ಈಗ?"

ಅವಳು ಕಣ್ಣು ಮುಚ್ಚಿಕೊಂಡಳು. ಭುಜಗಳು ಸಡಿಲವಾದವು.

"ಈಗ ಸರಿಯಾಗಿದೆ," ಎಂದಳು. "ಬಿಡ್ಬೇಡಿ."