ನಿಮ್ಮ ಮಾತಿನಲ್ಲಿ ಹೇಳಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಹೆಂಗಸರು ಠಾಣೆಗೆ ಬಂದರು. ಒಬ್ಬರು ದೊಡ್ಡಾಸ್ಪತ್ರೆಯ ಕಿರಿಯ ವೈದ್ಯೆ. ಇನ್ನೊಬ್ಬಳು ಬಟ್ಟೆ ಹೊಲಿದು ಸಂಸಾರ ನಡೆಸುವವಳು. ವೈದ್ಯೆ ದೂರಿನ ಅರ್ಜಿಯನ್ನು ಇನ್ಸ್‌ಪೆಕ್ಟರರ ಮೇಜಿನ ಮೇಲಿಟ್ಟು, ಹೊಲಿಗೆಯವಳನ್ನು ಕುರ್ಚಿಯಲ್ಲಿ ಕೂರಿಸಿ, ತಾವು ನಿಂತೇ ಇದ್ದರು.

ದೂರು ಇಷ್ಟು: ಆಪರೇಷನ್ ಆದ ಗಾಯಕ್ಕೆ ನಂಜು ಹತ್ತಿದ್ದ ಈಕೆಗೆ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರು ಒಂದು ಹೊಸ ಔಷಧದ ಸೂಜಿ ಹಾಕಿದರು. ಔಷಧ ಇನ್ನೂ ಪರೀಕ್ಷೆಯ ಹಂತದಲ್ಲಿತ್ತು. ಅದರಿಂದ ಕಿವಿಗೆ ಅಪಾಯವಾಗಬಹುದೆಂದು ಮೊದಲೇ ತಿಳಿದಿತ್ತು. ಅದನ್ನು ಆಕೆಗೆ ಹೇಳಲಿಲ್ಲ. ನಂಜು ಇಳಿಯಿತು, ಆದರೆ ಎರಡೂ ಕಿವಿಗಳು ಹೋದವು.

"ಮಿಷನ್ ಶಬ್ದಾನೇ ಕೇಳ್ಸಲ್ಲ ಸ್ವಾಮಿ," ಎಂದಳು ಹೊಲಿಗೆಯವಳು. ತನ್ನ ದನಿ ತನಗೇ ಕೇಳದ ಕಾರಣ ಅದು ಲಾಕಪ್ಪಿನ ತನಕ ಕೇಳಿಸಿತು. "ದಾರ ಹರಿದ್ರೆ ಶಬ್ದದಲ್ಲೇ ಗೊತ್ತಾಗ್ತಿತ್ತು. ಈಗ ಅರ್ಧ ಅಂಗಿ ಬರೀ ಸೂಜೀಲೇ ಹೊಲಿದಿರ್ತೀನಿ."

ಇನ್ಸ್‌ಪೆಕ್ಟರ್ ಅರ್ಜಿಯನ್ನು ಇನ್ನೊಮ್ಮೆ ಓದಿದರು. ದೂರುದಾರರ ಮನೆ ವಿಳಾಸವೂ ಆರೋಪಿಯ ಮನೆ ವಿಳಾಸವೂ ಒಂದೇ ಆಗಿತ್ತು.

"ಇವರು ನಿಮಗೆ ಏನಾಗಬೇಕು?"

"ಅಪ್ಪ."

"ಯೋಚನೆ ಮಾಡಿದೀರಾ?"

"ಮಾಡೇ ಬಂದೆ. ಬರ್ಕೊಳ್ಳಿ."

ಎಫ್‌ಐಆರ್ ದಾಖಲಾಯಿತು. ಜೀಪು ಹತ್ತುವಾಗ ಮುಖ್ಯಪೇದೆ ತನ್ನ ಮಂಡಿ ತಟ್ಟಿಕೊಂಡು, "ಈ ಕಾಲು ಸರಿ ಮಾಡಿದೋರು ಅವರೇ ಸಾರ್. ಅವರ ದಯೆಯಿಂದ ಓಡಾಡ್ತಿದೀನಿ, ಈಗ ಅವರ ಹಿಂದೇನೇ ಓಡ್ಬೇಕು," ಎಂದ. ಇನ್ಸ್‌ಪೆಕ್ಟರ್ ನಗಲಿಲ್ಲ. ಅವರ ತಾಯಿ ಬದುಕಿದ್ದೂ ಆ ಡಾಕ್ಟರ ಕೈಯಿಂದಲೇ.

ಆಸ್ಪತ್ರೆಯಲ್ಲಿ ಪಂಚರ ಸಮಕ್ಷಮ ಔಷಧದ ಬಾಟಲಿಗಳನ್ನೂ ರೋಗಿಗಳ ಒಪ್ಪಿಗೆಪತ್ರಗಳನ್ನೂ ವಶಕ್ಕೆ ಪಡೆದು ಪಂಚನಾಮೆ ಮಾಡಲಾಯಿತು. ಹೊಸ ಸೂಜಿ ಹಾಕಿಸಿಕೊಂಡವರು ಒಟ್ಟು ಐವರು ಹೆಂಗಸರು. ಪತ್ರಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಕಿವಿಯ ಅಪಾಯವನ್ನು ಬರೆದಿತ್ತು, ಕೆಳಗೆ ಐವರ ಸಹಿಯೂ ಇತ್ತು.

"ಕಾಗದ ನಿಮ್ಮ ತಂದೆ ಕಡೆಗಿದೆಯಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್.

ವೈದ್ಯೆ ಅವರನ್ನು ಪಕ್ಕದ ಪಾಠದ ಕೋಣೆಗೆ ಕರೆದುಕೊಂಡು ಹೋದರು. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಅಪ್ಪ ಮೊದಲ ಪಾಠ ಮಾಡುವುದು ಇಲ್ಲೇ ಎಂದರು. ಹಿಂದಿನ ಕಾಲದಲ್ಲಿ ರೋಗಿಗೆ ಕೇಡು ಮಾಡುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರೆ ಸಾಕಿತ್ತು, ಉಳಿದದ್ದೆಲ್ಲ ವೈದ್ಯ ತೀರ್ಮಾನಿಸಿದ್ದೇ ಸರಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, ಸೆರೆಯಾಳುಗಳ ಮೇಲೆ ಪ್ರಯೋಗ ನಡೆಸಿದ್ದ ಜರ್ಮನಿಯ ವೈದ್ಯರು ಕಟಕಟೆಯಲ್ಲಿ ನಿಂತರು. ಮನುಷ್ಯ ತಿಳಿದು, ತಾನಾಗಿ ಒಪ್ಪದೆ ಅವನ ಮೇಲೆ ಪ್ರಯೋಗ ಕೂಡದು ಎಂದು ನ್ಯಾಯಾಧೀಶರು ಆಗ ಹೇಳಿದರು. ಒಳಿತು ಮಾಡು, ಕೇಡು ಮಾಡಬೇಡ, ರೋಗಿಯ ಇಚ್ಛೆಯನ್ನು ಗೌರವಿಸು, ಎಲ್ಲರನ್ನೂ ಒಂದೇ ಸಮನಾಗಿ ಕಾಣು ಎಂಬುದು ಈಗಿನ ವೈದ್ಯರ ನಡತೆಯ ಬುನಾದಿ. ಇಷ್ಟನ್ನು ಎಲ್ಲ ಕಾಲೇಜುಗಳಲ್ಲೂ ಕಲಿಸುತ್ತಾರೆ. ಅಪ್ಪ ಅದಕ್ಕೆ ತಮ್ಮದೊಂದು ನಿಯಮ ಸೇರಿಸಿದ್ದರು. ಏನು ಮಾಡುತ್ತೇವೆ, ಏನು ಅಪಾಯವಿದೆ ಎಂಬುದನ್ನು ರೋಗಿ ತನ್ನದೇ ಮಾತಿನಲ್ಲಿ ತಿರುಗಿ ಹೇಳಬೇಕು, ಅಲ್ಲಿಯವರೆಗೆ ಪೆನ್ನು ಕೊಡಬಾರದು. ಈ ಊರಿನ ವೈದ್ಯರಲ್ಲಿ ಅರ್ಧ ಜನ ಈಗಲೂ ಹಾಗೆಯೇ ಮಾಡುತ್ತಾರೆ.

ಇದನ್ನು ಹೇಳುವಾಗ ಆಕೆಯ ತಲೆ ತಗ್ಗಲಿಲ್ಲ. ತಂದೆಯ ಮೇಲೆ ದೂರು ಕೊಟ್ಟವರ ದನಿಯಲ್ಲಿ ತಂದೆಯ ಬಗೆಗಿನ ಹೆಮ್ಮೆಯನ್ನು ಇನ್ಸ್‌ಪೆಕ್ಟರ್ ಅಂದೇ ಮೊದಲು ಕೇಳಿದ್ದು.

ಮಧ್ಯಾಹ್ನ ಇನ್ಸ್‌ಪೆಕ್ಟರ್ ವಾರ್ಡುಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ನಡೆದು ಒಂದೇ ಪ್ರಶ್ನೆ ಕೇಳಿದರು: ನಿಮಗೆ ಏನು ಮಾಡಿದರು? ಹರ್ನಿಯಾ ಆಪರೇಷನ್ ಆಗಿದ್ದ ಲಾರಿ ಡ್ರೈವರ್ ಹೊಟ್ಟೆಯೊಳಗೆ ಆಸರೆಯ ಬಲೆ ಎಲ್ಲಿ ಕೂರಿಸಿದ್ದಾರೆ, ಅದು ಯಾವಾಗ ಕೈಕೊಡಬಹುದು ಎಂಬುದನ್ನೆಲ್ಲ ಹೇಳಿ, "ಪಾಠ ಒಪ್ಪಿಸದೆ ಡಾಕ್ಟ್ರು ಬಿಡೋದೇ ಇಲ್ಲ. ನಮ್ಮ ಮೇಷ್ಟ್ರೇ ವಾಸಿ," ಎಂದ. ಪಕ್ಕದವನೂ ಹೇಳಿದ, ಅವನಾಚೆಯವನೂ ಹೇಳಿದ.

ಹೆಂಗಸರ ವಾರ್ಡಿನ ಕಿಟಕಿಯ ಹತ್ತಿರ ಮಲಗಿದ್ದ ಅಜ್ಜಿ ಆ ಐವರಲ್ಲಿ ಒಬ್ಬಳು. "ಶಕ್ತಿಗೆ ಸೂಜಿ ಅಂದ್ರು. ಸಹಿ ಹಾಕಿದೆ," ಎಂದಳು. ಮತ್ತೇನಾದರೂ ಹೇಳಿದರೇ ಎಂದು ಕೇಳಿದ್ದಕ್ಕೆ ರೇಗಿದಳು. "ಸಾಯೋಳನ್ನ ಬದುಕಿಸಿದಾರಪ್ಪ. ದೇವರಂಥೋರ ಮೇಲೆ ತನಿಖೆ ಮಾಡೋಕೆ ನಿನಗೆ ಬೇರೆ ಕೆಲಸ ಇಲ್ವಾ?" ಉಳಿದ ಮೂವರದೂ ಅದೇ ಮಾತು: ಶಕ್ತಿಗೆ ಸೂಜಿ.

ವಾರ್ಡಿನ ಹಿರಿಯ ನರ್ಸ್ ಒಂದು ವಿಷಯ ಹೇಳಿದರು. ಈ ಐವರ ಸಹಿ ಪಡೆಯುವಾಗ ಮಾತ್ರ ಡಾಕ್ಟರು ವಿದ್ಯಾರ್ಥಿಗಳನ್ನೆಲ್ಲ ಹೊರಗೆ ಕಳಿಸಿದ್ದರು.

ಸಂಜೆ ನಾಲ್ಕು ಗಂಟೆಗೆ, ಮುಖ್ಯಸ್ಥರು ಬೆಳಗಿನಿಂದ ನಡೆದ ಆಪರೇಷನ್‌ಗಳನ್ನು ಮುಗಿಸಿ ಬಂದ ಮೇಲೆ, ಇನ್ಸ್‌ಪೆಕ್ಟರ್ ಮುಖ್ಯಪೇದೆಯೊಡನೆ ಅವರ ಕೋಣೆಗೆ ಹೋದರು. ಡಾಕ್ಟರು ಎದ್ದು ನಿಂತು, ತಾಯಿಯವರು ಹೇಗಿದ್ದಾರೆ ಎಂದು ವಿಚಾರಿಸಿದರು. ವಿಷಯ ತಿಳಿದ ಮೇಲೆ ಅಂಗಿಯ ತೋಳು ಮಡಿಸಿ ತೋರಿಸಿದರು. ಸೂಜಿಯ ಕಲೆಗಳಿದ್ದವು.

"ಮೊದಲು ನನಗೇ ಹಾಕ್ಕೊಂಡೆ."

"ಅವರಿಗೆ ಹೇಳಿದ್ರಾ?"

"ಹೇಳಿದ್ರೆ ಬೇಡ ಅಂತಿದ್ರು."

"ಬೇಡ ಅನ್ನೋದು ಅವರಿಗೆ ಬಿಟ್ಟಿದ್ದಲ್ವಾ ಡಾಕ್ಟ್ರೇ?"

ಅವರು ತೋಳು ಇಳಿಸಿಕೊಂಡರು. ಯಾರ ದೂರು ಎಂದು ಕೇಳಿದರು. ಇನ್ಸ್‌ಪೆಕ್ಟರ್ ಅರ್ಜಿಯ ಪ್ರತಿಯನ್ನು ಮುಂದಿಟ್ಟರು. ಡಾಕ್ಟರು ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ನೋಡುವವರಂತೆ ಮೊದಲಿನಿಂದ ಕೊನೆಯವರೆಗೆ ಓದಿದರು.

"ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆ ಇಲ್ಲ," ಎಂದರು. ಆಮೇಲೆ ಮುಖ್ಯಪೇದೆಯ ಕಡೆ ತಿರುಗಿ, "ನನ್ನ ಮಗಳು," ಎಂದರು.

ಇನ್ಸ್‌ಪೆಕ್ಟರ್ ದಸ್ತಗಿರಿಯ ಕಾರಣಗಳನ್ನು ಓದಿ ಹೇಳಿದರು. ಡಾಕ್ಟರು ಅರ್ಥವಾಯಿತೆಂದು ತಲೆಯಾಡಿಸಿ ಪೆನ್ನಿಗೆ ಕೈ ಚಾಚಿದರು. ಇನ್ಸ್‌ಪೆಕ್ಟರ್ ಪೆನ್ನು ಕೊಡಲಿಲ್ಲ.

"ಸಹಿ ಆಮೇಲೆ. ನಿಮ್ಮ ಮಾತಿನಲ್ಲಿ ಹೇಳಿ."

ಡಾಕ್ಟರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ನನ್ನನ್ನ ನಂಬಿ ಬಂದೋರು ಐದು ಜನ. ಕಿವಿ ಹೋಗಬಹುದು ಅಂತ ನನಗೆ ಗೊತ್ತಿತ್ತು. ಅವರಿಗೆ ಹೇಳ್ಲಿಲ್ಲ. ಶಕ್ತಿಗೆ ಅಂತ ಸುಳ್ಳು ಹೇಳ್ದೆ. ಆ ಹೊಲಿಗೆ ಹೆಣ್ಣುಮಗಳ ಕಿವಿ ನನ್ನ ಕೈಯಿಂದ ಹೋಯ್ತು."

ಇನ್ಸ್‌ಪೆಕ್ಟರ್ ಪೆನ್ನು ಕೊಟ್ಟರು.

ಮೂರು ವರ್ಷದ ಹಿಂದೆ ಡಾಕ್ಟರ ಹೆಂಡತಿ ಇದೇ ನಂಜಿನಿಂದ, ಇದೇ ವಾರ್ಡಿನಲ್ಲಿ, ಅವರ ಕಣ್ಣೆದುರಿಗೇ ತೀರಿಕೊಂಡಿದ್ದರು. ಆಗ ಕೊಡಲು ಯಾವ ಔಷಧವೂ ಇರಲಿಲ್ಲ. ಅಂಥ ಸಾವಿನ ಬಳಿಕ ಮನೆಗೆ ಹಿಂದಿರುಗಿ ದೀಪ ಹಾಕಿದವರಿಗೆ ಗೊತ್ತು, ಆ ಶೋಕ ಮನುಷ್ಯನನ್ನು ಕೂರಲು ಬಿಡುವುದಿಲ್ಲ. ಇನ್ನೊಂದು ಮನೆಗೆ ಅದು ಬರಬಾರದೆಂದು ಅವರು ಆತುರಪಟ್ಟರು. ದೇವರು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಕೊಟ್ಟ ಮನಸ್ಸನ್ನು ಕೇಳುವಷ್ಟು ತಾಳ್ಮೆ ಆ ಆತುರದಲ್ಲಿ ಉಳಿಯಲಿಲ್ಲ.

ಕಾರಿಡಾರಿನಲ್ಲಿ ಬರುವಾಗ ವಾರ್ಡಿನ ಬಾಗಿಲು ತೆರೆದಿತ್ತು. ಒಳಗೆ ಮಗಳು ಹೊಲಿಗೆಯವಳ ಎದುರು ಸ್ಟೂಲಿನ ಮೇಲೆ ಕುಳಿತಿದ್ದಳು. ಸ್ಲೇಟಿನ ಮೇಲೆ ದೊಡ್ಡಕ್ಷರಗಳಲ್ಲಿ ಕಿವಿಯ ಮುಂದಿನ ಚಿಕಿತ್ಸೆ, ಅದರ ಅಪಾಯ ಎರಡನ್ನೂ ಬರೆದು ತೋರಿಸಿ, ಕೈಕಟ್ಟಿ ಕಾಯುತ್ತಿದ್ದಳು. ಹೊಲಿಗೆಯವಳು ಬೆರಳಿಟ್ಟು ಓದಿ ತನ್ನ ಗಟ್ಟಿ ದನಿಯಲ್ಲಿ ತಿರುಗಿ ಹೇಳತೊಡಗಿದಳು. ಪೆನ್ನು ಇನ್ನೂ ಮಗಳ ಜೇಬಿನಲ್ಲೇ ಇತ್ತು.

ಮಗಳನ್ನು ಕರೆಯಲೇ ಎಂದು ಮುಖ್ಯಪೇದೆ ಮೆಲ್ಲಗೆ ಕೇಳಿದ.

"ಬೇಡ," ಎಂದರು ಡಾಕ್ಟರು. "ಆ ತಾಯಿ ಹೇಳಿ ಮುಗಿಸ್ಲಿ." ಆಕೆ ಹೇಳಿ ಮುಗಿಸುವವರೆಗೂ ಮೂವರೂ ಅಲ್ಲೇ ನಿಂತರು. ಆಮೇಲೆ ಡಾಕ್ಟರು ಬೆನ್ನು ನೆಟ್ಟಗೆ ಮಾಡಿಕೊಂಡು ಜೀಪಿನ ಕಡೆಗೆ ನಡೆದರು.