ಅಕ್ಕನ ಫೋಲ್ಡರ್

ಇದು ಹಾಡಹಗಲೇ ನಡೆದದ್ದು. ನಮ್ಮ ಕಚೇರಿಯಲ್ಲಿ ಪ್ರತಿಯೊಬ್ಬರ ಕೆಲಸವೂ ಅವರವರ ಹೆಸರಿನ ಫೋಲ್ಡರಿನಲ್ಲಿರುತ್ತದೆ. ಆ ಫೋಲ್ಡರುಗಳನ್ನು ಮೂರು ಸರ್ವರುಗಳಿಗೆ ಹಂಚಿದ್ದೇವೆ; ಒಬ್ಬರದು ಒಂದರಲ್ಲಿ ಮಾತ್ರ. ಯಾವ ಮೇಜಿನಲ್ಲಿ ಕೂತರೂ ನಿಮ್ಮದು ನಿಮ್ಮೆದುರೇ ತೆರೆದುಕೊಳ್ಳುತ್ತದೆ. ಅವನ್ನು ನೋಡಿಕೊಳ್ಳುವವನು ನಾನು.

ಗ್ರಾಹಕರ ದೂರುಗಳಿಗೆ ಉತ್ತರ ಬರೆಯುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ರಜೆ ಕೇಳಿ ಕೇಳಿ ಸಾಕಾಗಿ, ಒಂದು ದಿನ ಮೇಜಿನ ಮೇಲೇ ತಲೆಯಿಟ್ಟು ತೀರಿಕೊಂಡರು. ಸತ್ತವರ ಫೋಲ್ಡರ್ ಅಳಿಸುವುದು ನಮ್ಮಲ್ಲಿಯ ಅಂತ್ಯಕ್ರಿಯೆ. ಅಳಿಸಿದೆ. ಊಟ ಮುಗಿಸಿ ಬಂದರೆ ಅದು ಎರಡನೆಯ ಸರ್ವರಿನಲ್ಲಿತ್ತು. ಅಲ್ಲಿಯೂ ಅಳಿಸಿದೆ, ಮೂರನೆಯದರಲ್ಲಿ ಎದ್ದಿತು. ಹಲ್ಲು ಕಟಕಟಿಸುವಷ್ಟು ತಣ್ಣಗಿನ ಆ ಸರ್ವರ್ ಕೋಣೆಯಲ್ಲಿ, ಅಕ್ಕ ಹಣೆಗೆ ತಿಕ್ಕಿಕೊಳ್ಳುತ್ತಿದ್ದ ಮುಲಾಮಿನ ವಾಸನೆ. ಹೊರಗೆ ಬಂದು ಅವರ ಖಾಲಿ ಕುರ್ಚಿ ಮುಟ್ಟಿದರೆ, ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿತ್ತು. ಫೋಲ್ಡರ್ ತೆರೆದೆ. ಅವರು ತೀರಿಕೊಂಡ ಮೇಲೆ ಬಂದ ದೂರುಗಳಿಗೆಲ್ಲ ಉತ್ತರ ಸಿದ್ಧವಾಗಿತ್ತು.

ಮ್ಯಾನೇಜರನ್ನು ಕರೆತಂದು ತೋರಿಸಿದೆ. ಅವರ ಮುಖ ಬಿಳುಚಿತು. ಉತ್ತರಗಳನ್ನು ಓದುತ್ತಾ ಹೋದಂತೆ ಬಣ್ಣ ಮರಳಿತು.

"ಕೆಲ್ಸ ಅಚ್ಚುಕಟ್ಟಾಗಿದೆಯಲ್ಲಯ್ಯಾ!"

"ಸಾರ್, ಸತ್ತ ಮೇಲಾದ್ರೂ ಅವ್ರನ್ನ ಬಿಟ್ಬಿಡಿ. ಮೂರೂ ಸರ್ವರ್ ಒಟ್ಟಿಗೆ ಆಫ್ ಮಾಡಿ ನೋಡ್ತೀನಿ."

"ಮುಟ್ಟಿದ್ರೆ ನಿನ್ ಕೆಲ್ಸಾನೂ ಹೋಗುತ್ತೆ, ನೆನಪಿರ್ಲಿ. ಬದುಕಿದ್ದಾಗ ರಜೆ ರಜೆ ಅಂತ ಪ್ರಾಣ ತಿಂತಿದ್ಲು. ಈಗ ನೋಡು, ತುಟಿಪಿಟಕ್ ಅನ್ನಲ್ಲ."

ಅಕ್ಕನ ಜಾಗಕ್ಕೆ ಇಂದಿಗೂ ಯಾರನ್ನೂ ತೆಗೆದುಕೊಂಡಿಲ್ಲ. ಇವತ್ತಿನ ಉತ್ತರಗಳೂ ಹೊತ್ತಿಗೆ ಸರಿಯಾಗಿ ಹೋಗಿವೆ.