ಮಡಚಿದ ಹೆಬ್ಬೆರಳು

"ಲೇ ತೇಜು, ಹೆಬ್ಬೆರಳು ಮಡಚ್ಕೊಂಡೇ ಕೈ ಎತ್ತಬೇಕು ಕಣೇ. ಮರೀಬ್ಯಾಡ!" ಎಂದು ಅನುಷಾ ಪಿಸುಗುಟ್ಟಿದಳು.

ಊರಿನ ಪಂಚಾಯ್ತಿ ಲೈಬ್ರರಿಯಲ್ಲಿ ಇಪ್ಪತ್ತು ಮಕ್ಕಳು ಚಾಪೆ ಮೇಲೆ ಕೂತಿದ್ದರು. ಬೋರ್ಡಿನ ಮುಂದೆ ಅನುಷಾಳ ಚಿಕ್ಕಮ್ಮ ವನಜಾಕ್ಷಿ ವೇಲಿನ ತುದಿ ಹಿಂಡುತ್ತಾ ನಿಂತಿದ್ದಳು. ಮಕ್ಕಳನ್ನು ಸೇರಿಸಿ, ಅವರ ಮಾತು ಕೇಳಿ, ಅವರ ಕೈಲೇ ಕೆಲಸ ಮಾಡಿಸುವುದು ಹೇಗೆ ಅಂತ ಅವಳು ಕೊರಟಗೆರೆಯಲ್ಲಿ ಒಂದು ತಿಂಗಳು ಟ್ರೇನಿಂಗ್ ಮಾಡಿದ್ದಳು. ಇವತ್ತು ಅದರ ಪರೀಕ್ಷೆ. ಪಾಸಾದರೆ ಇದೇ ಲೈಬ್ರರಿಯಲ್ಲಿ ಕೆಲಸ. ಟ್ರೇನಿಂಗ್ ಕೊಟ್ಟ ಸರಸಮ್ಮ ಮೇಡಂ ಕಿಟಕಿ ಪಕ್ಕ ಪೆನ್ನು ಹಿಡಿದು ಕೂತಿದ್ದರು.

"ಮಕ್ಳು ಬಾಯೇ ಬಿಡ್ದೆ ಹೋದ್ರೆ ನನ್ನ ಗತಿ ಏನೇ?" ಅಂತ ಚಿಕ್ಕಮ್ಮ ಮೂರು ದಿನದಿಂದ ಸರಿಯಾಗಿ ಊಟವನ್ನೇ ಮಾಡಿರಲಿಲ್ಲ. ಆಗ ಐಡಿಯಾ ಕೊಟ್ಟವಳು ಅನುಷಾನೇ. ಸ್ಕೂಲಿಗೆ ಇನ್‌ಸ್ಪೆಕ್ಟರ್ ಬಂದಾಗ ಮಾಡುತ್ತಾರಲ್ಲ, ಅದೇ ಉಪಾಯ! ಉತ್ತರ ಬಾಯಿಪಾಠ ಆದವರು ಐದೂ ಬೆರಳು ಬಿಚ್ಚಿ ಕೈ ಎತ್ತಬೇಕು. ಆಗದವರು ಹೆಬ್ಬೆರಳು ಮಡಚಿ ಎತ್ತಬೇಕು. ನೋಡುವವರಿಗೆ ಎಲ್ಲರೂ ಜಾಣರೇ. ಕೇಳುವುದು ಮಾತ್ರ ಐದು ಬೆರಳಿನವರನ್ನು.

ಯಾರಿಗೆ ಎಷ್ಟು ಬೆರಳು ಅಂತ ಪಟ್ಟಿ ಮಾಡಿದವಳೂ ಅನುಷಾನೇ. ಸ್ಕೂಲಲ್ಲಿ ಅವಳ ಬೆಂಚಿನಲ್ಲೇ ಕೂರುವ ತೇಜಸ್ವಿನಿಗೆ ಮಾತು ಕಡಿಮೆ. "ತೇಜುನ ಬುಡು ಚಿಕ್ಕಮ್ಮ, ಅವ್ಳಿಗೆ ನಾಲ್ಕೇ ಬೆರಳು" ಅಂದುಬಿಟ್ಟಿದ್ದಳು.

"ನಮ್ಮ ಲೈಬ್ರರಿಗೆ ಏನು ಬೇಕು? ಹೇಳಿ ಮಕ್ಳೇ." ಎಂದು ಚಿಕ್ಕಮ್ಮ ಕೇಳಿದಳು.

ಇಪ್ಪತ್ತು ಕೈ ಒಟ್ಟಿಗೆ ಮೇಲೆದ್ದವು. ಅನುಷಾ ಎದ್ದು, "ಹೊಸ ಹೊಸ ಪುಸ್ತಕಗಳು ಬೇಕು ಅಕ್ಕಾ!" ಎಂದು ಒಂದೇ ಉಸಿರಿಗೆ ಒಪ್ಪಿಸಿದಳು. ಚಿಕ್ಕಮ್ಮನನ್ನು ಅಕ್ಕಾ ಅನ್ನಬೇಕು ಅನ್ನುವುದೂ ಬಾಯಿಪಾಠದಲ್ಲೇ ಇತ್ತು. ಭೀಮರಾಜು ಫ್ಯಾನು ಕೇಳಿದ. ಚಿಕ್ಕಮ್ಮನ ಮುಖ ಅರಳಿತು.

ಅಷ್ಟರಲ್ಲಿ ಸರಸಮ್ಮ ಮೇಡಂ, "ಆ ಹುಡುಗಿ ಆವಾಗಿಂದ ಕೈ ಎತ್ತೌಳೆ, ಅವಳ್ನೂ ಕೇಳಮ್ಮ" ಅಂದರು.

ತೇಜು! ಅನುಷಾ ಗಾಬರಿಯಿಂದ ಚಿಕ್ಕಮ್ಮನ ಕಡೆ ನೋಡಿದಳು.

ತೇಜು ಎದ್ದಳು. ಕೈ ಇನ್ನೂ ಮೇಲೆಯೇ ಇತ್ತು. "ನನ್ನ ಕೇಳಲ್ಲ ಅಂದಿದ್ರು ಮೇಡಂ. ನಂದು ನಾಲ್ಕು ಬೆರಳು."

"ಅಂದ್ರೆ?"

"ಉತ್ತರ ಬರ್ದೇ ಇರೋರು."

ಅಯ್ಯೋ ದೇವರೇ! ಚಿಕ್ಕಮ್ಮನ ಕೈಯಿಂದ ಚಾಕ್‌ಪೀಸು ಬಿದ್ದು ಎರಡು ತುಂಡಾಯಿತು. ಮುಗೀತು, ಚಿಕ್ಕಮ್ಮನ ಕೆಲಸ ಹೋಯ್ತು, ಅದೂ ನನ್ನಿಂದಲೇ, ಅಂತ ಅನುಷಾ ತಲೆ ತಗ್ಗಿಸಿದಳು.

ಚಿಕ್ಕಮ್ಮ ಮೇಡಂ ಕಡೆ ನೋಡಲಿಲ್ಲ. ನೇರವಾಗಿ ಬಂದು ತೇಜು ಮುಂದೆ ಚಾಪೆ ಮೇಲೆ ಕೂತುಬಿಟ್ಟಳು. "ನಂದೇ ತಪ್ಪು ಕಣವ್ವಾ. ಈಗ ಕೇಳ್ತೀನಿ, ಹೇಳು. ನಿಂಗೇನು ಬೇಕು?"

ತೇಜು ಕೈ ಇಳಿಸಿದಳು. "ಬೀಗ ತೆಗೀಬೇಕು ಅಕ್ಕಾ."

"ಯಾವ ಬೀಗ?"

"ಲೈಬ್ರರೀದು. ಸ್ಕೂಲ್ ಬಿಟ್ಮೇಲೆ ತಮ್ಮನ್ನ ನೋಡ್ಕೋಬೇಕು. ಅಮ್ಮ ಬರೋದು ಐದೂವರೆಗೆ. ಆಮೇಲೆ ಓಡ್ಬಂದ್ರೆ ಬೀಗ ಹಾಕಿರ್ತಾರೆ. ಕಿಟಕೀಲಿ ನೋಡ್ಕೊಂಡು ಹೊಂಟೋಗ್ತೀನಿ. ಒಳಗೆ ಬಂದಿದ್ದು ಇವತ್ತೇ ಫಸ್ಟು."

ಅನುಷಾ ದಂಗಾದಳು. ಮೂರು ವರ್ಷದಿಂದ ಒಂದೇ ಬೆಂಚು! ತೇಜುಗೆ ಓದುವುದು ಇಷ್ಟವಿಲ್ಲ ಅಂದುಕೊಂಡಿದ್ದಳೇ ಹೊರತು, ಯಾಕೆ ಬರಲ್ಲ ಅಂತ ಒಂದು ದಿನವೂ ಕೇಳಿರಲಿಲ್ಲ.

"ನಂಗೂ ಅಂಗೇ ಅಕ್ಕಾ!" ಎಂದು ಹಿಂದಿನಿಂದ ಯಾರೋ ಕೂಗಿದರು. ನಾಲ್ಕು ಬೆರಳಿನವರೆಲ್ಲ ಒಟ್ಟಿಗೆ ಮಾತಾಡತೊಡಗಿದರು.

"ಸೋಮವಾರ ಇನ್ನೊಂದ್ಸಲ ಬರ್ತೀನಿ ವನಜಾಕ್ಷಿ," ಅಂದರು ಸರಸಮ್ಮ ಮೇಡಂ. "ಬಾಯಿಪಾಠ ಇಲ್ದೆ ನಡೆಸಿ ತೋರ್ಸು. ಈಗ ಮಕ್ಳ ಮಾತು ನಿಲ್ಲಿಸ್ಬೇಡ."

ಚಿಕ್ಕಮ್ಮ ಕಣ್ಣೊರೆಸಿಕೊಂಡಳು. "ಆಯ್ತು. ಹಂಗಾದ್ರೆ ಎಷ್ಟೊತ್ತಿನ ತನಕ ತೆಗ್ದಿರಬೇಕು? ಕೀ ಯಾರು ಇಟ್ಕೋಬೇಕು?"

ಅನುಷಾಗೆ ಉತ್ತರ ಗೊತ್ತಿರಲಿಲ್ಲ. ಅವಳು ತೇಜು ಪಕ್ಕಕ್ಕೆ ಜರುಗಿ ಕೂತು, ಹೆಬ್ಬೆರಳು ಮಡಚಿ ಕೈ ಎತ್ತಿದಳು.